ಘಾಟು ಬಾರದ ಮೆಣಸಿನಕಾಯಿ

ನಮ್ಮ ಮನೆಯವರಿಗೆ ಗೊತ್ತಿದ್ದದ್ದು ಮೆಣಸಿನಕಾಯಿ ಒಂದೇ. ಅದೂ ಪೂರಾ ಗೊತ್ತಿರಲಿಲ್ಲ ಎನ್ನುವುದು ನಾನು ಲಂಗ ಉಡುವ ವಯಸ್ಸಿನಲ್ಲೇ ನನಗೆ ತಿಳಿದುಹೋಯಿತು. ಬ್ಯಾಡಗಿಯ ಪೇಟೆಯ ಹಿಂದಿನ ಓಣಿಯಲ್ಲಿ ನಮ್ಮ ಮನೆ. ಮುಂದೆ ದಲಾಲಿ ಅಂಗಡಿ, ಅದಕ್ಕೆ ಅಂಟಿಕೊಂಡು ಚೀಲ ಒಟ್ಟುವ ಪಡಸಾಲೆ, ಆಮೇಲೆ ನಡುಮನೆ, ಕಡೆಗೆ ಅಡುಗೆಮನೆ ಮತ್ತು ಹಿತ್ತಲು. ಮೆಣಸಿನಕಾಯಿಯ ಕೆಂಪು ಧೂಳು ಆ ಮನೆಯಲ್ಲಿ ಹೇಳುವವರು ಕೇಳುವವರು ಇಲ್ಲದೆ ಓಡಾಡುತ್ತಿತ್ತು. ಜಗುಲಿಯ ಮೇಲಿನ ದೇವರ ತಲೆಯ ಮೇಲೆ ಅದೇ, ತೊಟ್ಟಿಲಿನಲ್ಲಿ ಅದೇ, ಒಗೆದು ಮಡಚಿಟ್ಟ ಧೋತರದಲ್ಲಿಯೂ ಅದೇ. ಸೊಸೆಯಾಗಿ ಬಂದವರು ಮೊದಮೊದಲು ದಿನವಿಡೀ ಸೀನುತ್ತಿದ್ದರು, ಆಮೇಲೆ ಸೀನುವುದನ್ನು ನಿಲ್ಲಿಸುತ್ತಿದ್ದರು. ಇದಕ್ಕೆ ನಮ್ಮಲ್ಲಿ ಹೊಂದಿಕೊಂಡು ಹೋಗುವುದು ಎಂದು ಹೆಸರು. ಹೊಂದಿಕೊಂಡವರನ್ನು ಹೊಗಳುತ್ತಿದ್ದರು, ಹೊಂದಿಕೊಳ್ಳದವರಿಗೆ ಏನೋ ಆಗಿದೆ ಎನ್ನುತ್ತಿದ್ದರು. ನಾನು ಆ ಮನೆಯಲ್ಲೇ ಹುಟ್ಟಿದವಳು. ಆದರೂ ಸೀನುವುದನ್ನು ನಿಲ್ಲಿಸಲಿಲ್ಲ.

ಮನೆಯ ಯಜಮಾನ ದೊಡ್ಡಪ್ಪ ಶಂಕ್ರಪ್ಪ, ನನ್ನ ಅಪ್ಪನ ಅಣ್ಣ. ಒಂದು ಹಿಡಿ ಕಾಯಿ ಕೈಗೆ ತೆಗೆದುಕೊಂಡು ಕಿವಿಯ ಹತ್ತಿರ ಗಲಗಲ ಅಲ್ಲಾಡಿಸಿ, ಅದು ಯಾವ ಕಡೆಯ ಹೊಲದ್ದು, ಎಷ್ಟು ಒಣಗಿದೆ, ರೈತ ನೀರು ಚಿಮುಕಿಸಿ ತಂದಿದ್ದಾನೋ ಇಲ್ಲವೋ ಎಂದು ಹೇಳುತ್ತಿದ್ದ. ಪರವೂರಿನಿಂದ ಬಂದ ಖರೀದಿದಾರರ ಮುಂದೆ ಅವನದು ಒಂದೇ ಮಾತು. ಅದನ್ನು ನಾನು ಎಷ್ಟು ಸಲ ಕೇಳಿದ್ದೇನೆಂದರೆ, ಈಗಲೂ ಅದೇ ಧ್ವನಿಯಲ್ಲಿ ಹೇಳಬಲ್ಲೆ:

"ಇದು ಬ್ಯಾಡಗಿ ಕಾಯಿ ಐತ್ರಿ. ಬಣ್ಣ ನೋಡ್ರಿ, ಬಣ್ಣ! ಖಾರ ಬೇಕಂದ್ರ ಅತ್ಲಾಗ ಗುಂಟೂರಿನ ಚೀಲ ಅದಾವ, ಅವನ್ನ ಒಯ್ರಿ. ನಮ್ಮ ಕಾಯಿ ಬೆಂಕ್ಯಾಗ ಒಗದ್ರೂ ಒಬ್ಬರೂ ಕೆಮ್ಮಂಗಿಲ್ಲ."

ಈ ಮಾತನ್ನು ಓದುಗರು ನೆನಪಿನಲ್ಲಿ ಇಟ್ಟುಕೊಳ್ಳಬೇಕು. ಆಡಿದವನು ನೆನಪಿನಲ್ಲಿ ಇಟ್ಟುಕೊಳ್ಳಲಿಲ್ಲ.

ಇಷ್ಟು ವರ್ಷ ಸುಮ್ಮನಿದ್ದು ಈಗ ಯಾಕೆ ಬರೆಯುತ್ತಿದ್ದೇನೆ ಎಂದರೆ, ಮೊನ್ನೆ ರಾಣೆಬೆನ್ನೂರಿನಲ್ಲಿ ಒಂದು ಮದುವೆಗೆ ಹೋಗಿದ್ದೆ. ಊಟದ ಹಾಲ್‌ನಲ್ಲಿ ಒಂದು ಹುಡುಗಿ ಮೇಜಿನ ಕೆಳಗೆ ನುಸುಳಿ, ಕಿವಿ ಮುಚ್ಚಿಕೊಂಡು, ಛಾವಣಿ ಬಿರಿಯುವಂತೆ ಕಿರಚುತ್ತಿತ್ತು. ಅದರ ತಾಯಿ ಮಂಡಿಯೂರಿ ಕುಳಿತು, ಜರಿ ಸೀರೆಯ ಮೇಲೆ ಸಾರು ಚೆಲ್ಲಿಕೊಂಡು, ಅದನ್ನು ಹೊರಗೆಳೆಯಲು ನೋಡುತ್ತಿದ್ದಳು. ಸುತ್ತಲಿನವರು ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುತ್ತಾ ಬುದ್ಧಿ ಹೇಳುತ್ತಿದ್ದರು. ಒಬ್ಬಳು ಮೊಬೈಲಿನ ತಪ್ಪು ಎಂದಳು, ಒಬ್ಬ ತಾಯಿಯ ತಪ್ಪು ಎಂದ. ಆಗ ನನ್ನ ದೊಡ್ಡಪ್ಪನ ಮಗಳು ಗಿರಿಜಕ್ಕ, ಈಗ ಅಲ್ಲಿ ದೊಡ್ಡ ಮನೆಯ ಅತ್ತೆ, ನನ್ನ ಹೆಗಲ ಮೇಲೆ ಕೈಯಿಟ್ಟು ಆ ತಾಯಿಗೆ ಹೇಳಿದಳು:

"ಇಕಿ ನಮ್ಮ ಕಸ್ತೂರಿ. ಸಣ್ಣಾಕಿದ್ದಾಗ ಇದಕ್ಕಿಂತ ಹೆಚ್ಚ ಇದ್ಲು. ನಾವೆಲ್ಲಾ ಸೇರಿ ಹೂವಿನಂಗ ಜ್ವಾಪಾನ ಮಾಡಿದ್ವಿ. ಇಂಥಾ ಮಕ್ಕಳು ದೇವರು ಕೊಟ್ಟ ಪ್ರಸಾದವಾ."

ನಾವೆಲ್ಲಾ ಸೇರಿ! ದೇವರ ಪ್ರಸಾದ ಎನ್ನುವುದು ಈಗ ಬಂದಿರುವ ಮಾತು. ಬೆಳಗಾದರೆ ಗುಲಾಬಿ ಹೂವಿನ ಚಿತ್ರದ ಜೊತೆಗೆ ಇದನ್ನು ನನ್ನ ಫೋನಿಗೆ ಕಳಿಸುವವರು ನನ್ನದೇ ನೆಂಟರು. ಆಗ ನನಗಿದ್ದ ಹೆಸರುಗಳು ಬೇರೆ. ಪೀಡೆ, ಹುಚ್ಚುಮಾರಿ, ಹೊಟ್ಟೆ ಉರಿಸಾಕ ಹುಟ್ಟಿದ್ದು. ಆ ಹೂವಿನ ಜೋಪಾನ ಹೇಗಿತ್ತು ಎಂದು ಹೇಳದೆ ಹೋದರೆ ನನ್ನ ಅವ್ವನಿಗೆ ಅನ್ಯಾಯವಾಗುತ್ತದೆ. ಅದಕ್ಕಾಗಿ ಬರೆಯುತ್ತಿದ್ದೇನೆ.

ನಾನು ಎಂಥ ಮಗುವಾಗಿದ್ದೆ ಎಂಬುದನ್ನು ಮುಚ್ಚಿಡುವುದಿಲ್ಲ. ಸಾಕುವುದು ಕಷ್ಟವೇ ಇತ್ತು. ರೊಟ್ಟಿಗೆ ಪಲ್ಯ ತಾಗಿದರೆ ತಟ್ಟೆ ಗೋಡೆಗೆ ಹೋಗುತ್ತಿತ್ತು. ಹೊಸ ಅಂಗಿ ತೊಡಿಸಿದರೆ ಮೈಮೇಲೆ ಇರುವೆ ಬಿಟ್ಟಂತಾಗಿ ಹರಿದು ಹಾಕುತ್ತಿದ್ದೆ. ಪೇಟೆಯ ದಿನ ಸವಾಲಿನ, ಅಂದರೆ ಹರಾಜಿನ ಕೂಗು, ಹಮಾಲರ ಕೂಗು, ಗಾಡಿಗಳ ಹಾರ್ನು ಎಲ್ಲ ಒಟ್ಟಿಗೆ ಎದ್ದರೆ ನನ್ನ ತಲೆಯೊಳಗೆ ಜಾಗವೇ ಉಳಿಯುತ್ತಿರಲಿಲ್ಲ. ಕಂಬಕ್ಕೆ ಹಣೆ ಜಜ್ಜಿಕೊಳ್ಳುತ್ತಿದ್ದೆ. ನೋವಾದಾಗ ಒಂದು ಕ್ಷಣ ಆ ಗದ್ದಲ ದೂರ ಹೋದಂತೆ ಅನಿಸುತ್ತಿತ್ತು. ಮುಟ್ಟಿದವರನ್ನು ಕಚ್ಚುತ್ತಿದ್ದೆ. ಇದರ ಜೊತೆಗೆ ಇನ್ನೊಂದು ಗುಣ: ಕಿವಿಗೆ ಬಿದ್ದದ್ದನ್ನು ಬಿದ್ದ ಹಾಗೆಯೇ ಎಲ್ಲರ ಮುಂದೆ ಹೇಳಿಬಿಡುತ್ತಿದ್ದೆ. ಒಮ್ಮೆ ಕೊಲ್ಹಾಪುರದ ಕಡೆಯ ಖರೀದಿದಾರ ನಡುಮನೆಯಲ್ಲಿ ಚಹಾ ಕುಡಿಯುತ್ತಾ ಕುಳಿತಾಗ, ನಾನು ಹೋಗಿ ಎದುರಿಗೆ ನಿಂತು, "ನೀನು ಮಂಗ್ಯಾ ಅಂತ. ಬಣ್ಣ ಬಿಟ್ಟ ಕಾಯಿ ಕೊಟ್ರೂ ಒಯ್ತೀಯಂತ. ದೊಡ್ಡಪ್ಪ ಅಂದ" ಎಂದೆ. ನನ್ನ ರೋಗಗಳಲ್ಲಿ ಮನೆಯವರಿಗೆ ಅತಿ ಭಯಂಕರವೆನಿಸಿದ್ದು ಇದೇ ಎಂದು ನನ್ನ ಅನುಮಾನ.

ಔಷಧ ಮಾಡಲಿಲ್ಲವೆಂದಲ್ಲ. ಹಾವೇರಿಯ ಒಬ್ಬ ಡಾಕ್ಟರು ನನ್ನ ನಾಲಿಗೆ ನೋಡಿ, ಜಂತುಹುಳಕ್ಕೆ ಗುಳಿಗೆ ಬರೆದುಕೊಟ್ಟು, ದೊಡ್ಡವಳಾದರೆ ಎಲ್ಲ ಸರಿಹೋಗುತ್ತದೆ ಎಂದರು. ಶಾಲೆಯ ಹೆಡ್ ಮಾಸ್ತರರು ನನ್ನನ್ನು ಬಾಗಿಲ ಹೊರಗೆ ಕೂರಿಸಿ ಶಿಕ್ಷಣ ಕೊಟ್ಟರು, ಆಮೇಲೆ ಅದೂ ಸಾಕಾಗಿ, ಇಂಥವಳನ್ನು ಮನೆಯಲ್ಲೇ ಇಟ್ಟುಕೊಳ್ಳಿ ಎಂದು ಹೇಳಿ ಕಳಿಸಿದರು. ಓಣಿಯ ಹೆಂಗಸರಿಗೆ ಅವ್ವ ಬಸುರಿಯಿದ್ದಾಗ ಗ್ರಹಣ ನೋಡಿದ್ದೇ ಕಾರಣವೆಂದು ಖಚಿತವಾಗಿ ಗೊತ್ತಿತ್ತು. ಅವ್ವ ನೋಡಿರಲಿಲ್ಲ, ಅದು ಬೇರೆ ಮಾತು. ಅಪ್ಪ? ಅಪ್ಪ ಮಲ್ಲೇಶಪ್ಪ ಅಣ್ಣನ ಅಂಗಡಿಯಲ್ಲಿ ಕುಳಿತು ಲೆಕ್ಕ ಬರೆಯುತ್ತಿದ್ದ, ಅಣ್ಣ ನಕ್ಕಾಗ ನಗುತ್ತಿದ್ದ, ಅಣ್ಣ ಸಿಟ್ಟಾದಾಗ ಚಪ್ಪಲಿ ಹಾಕಿಕೊಂಡು ಹೊರಗೆ ಹೋಗುತ್ತಿದ್ದ. ನನ್ನನ್ನು ಅವನು ಎಂದೂ ಹೊಡೆಯಲಿಲ್ಲ. ಹೊಡೆಯಲಿಕ್ಕೂ ಒಂದು ನಿರ್ಧಾರ ಬೇಕಾಗುತ್ತದೆ.

ಅವ್ವ ಗಂಗವ್ವ ಮೋಟೆಬೆನ್ನೂರಿನವಳು, ರೈತರ ಮಗಳು, ಹೆಚ್ಚು ಓದಿದವಳಲ್ಲ. ಅವಳು ನನ್ನನ್ನು ನೋಡುತ್ತಿದ್ದಳು. ಇದು ಬರೆಯಲು ಎಷ್ಟು ಸಣ್ಣ ಮಾತು! ಆದರೆ ಆ ಮನೆಯಲ್ಲಿ ಬೇರೆ ಯಾರೂ ಆ ಕೆಲಸ ಮಾಡಲಿಲ್ಲ. ನೋಡಿ ನೋಡಿ, ಪಲ್ಯವನ್ನು ಬಟ್ಟಲಿಗೆ ಹಾಕಿ ರೊಟ್ಟಿಯನ್ನು ಬೇರೆ ತಟ್ಟೆಯಲ್ಲಿ ಕೊಡಲು ಶುರುಮಾಡಿದಳು. ಹೊಸ ಅಂಗಿಯನ್ನು ತಾನು ನಾಲ್ಕಾರು ಸಲ ಒಗೆದು, ತಲೆದಿಂಬಿನ ಕೆಳಗೆ ಇಟ್ಟುಕೊಂಡು ಮಲಗಿ, ಮೆತ್ತಗಾದ ಮೇಲೆ ತೊಡಿಸುತ್ತಿದ್ದಳು. ಸವಾಲು ಶುರುವಾಗುವ ಮುಂಚೆ ಬಂದು, "ಈಗ ಗದ್ಲ ಬರ್ತದ ನೋಡು, ಬಂದು ಹೋಗ್ತದ" ಎಂದು ಹೇಳಿ ಕಿವಿಗೆ ಅರಿವೆ ಸುತ್ತುತ್ತಿದ್ದಳು. ಕೈ ಬಿಡುವಿಲ್ಲದಾಗ ಸೆರಗಿನ ತುದಿಯನ್ನು ನನ್ನ ಸೊಂಟಕ್ಕೆ ಗಂಟು ಹಾಕಿಕೊಂಡು ರೊಟ್ಟಿ ಬಡಿಯುತ್ತಿದ್ದಳು. ನಾನು ಅವಳ ಹಿಂದೆ ಅಡುಗೆಮನೆ ತುಂಬ ಓಡಾಡುತ್ತಿದ್ದೆ. ತಾಳ್ಮೆಯ ಮೂರ್ತಿಯಾಗಿರಲಿಲ್ಲ ಅವಳು. ಒಮ್ಮೊಮ್ಮೆ ಕಪಾಳಕ್ಕೆ ಬಿಗಿದು, "ನಿನ್ನ ಹಡದ ನನ್ನ ಹೊಟ್ಟಿಗೆ ಬೆಂಕಿ ಹಚ್ಚಬೇಕು" ಎಂದು ಕಿರಚಿ, ಆಮೇಲೆ ಒಲೆಯ ಮುಂದೆ ಕುಳಿತು ತಾನೇ ಅಳುತ್ತಿದ್ದಳು. ಇದನ್ನೂ ಹೇಳಬೇಕು. ಅವ್ವಂದಿರನ್ನು ದೇವತೆ ಮಾಡಿ ಕೂರಿಸುವುದು ಅವರಿಗೆ ಸಹಾಯ ಮಾಡದೆ ತಪ್ಪಿಸಿಕೊಳ್ಳುವ ಉಪಾಯ.

ನನಗೆ ಸಮಾಧಾನ ಸಿಗುತ್ತಿದ್ದ ಒಂದೇ ಜಾಗ ಪಡಸಾಲೆ. ಒಟ್ಟಿದ ಚೀಲಗಳ ನಡುವೆ ಸಂದಿಯಲ್ಲಿ ತೂರಿಕೊಂಡರೆ ಎರಡೂ ಕಡೆಯಿಂದ ಮೈ ಗಟ್ಟಿಯಾಗಿ ಒತ್ತಿ ಹಿಡಿದಂತಾಗುತ್ತಿತ್ತು. ಧೂಳಿಗೆ ಮೂಗು ಸುರಿಯುತ್ತಿತ್ತು, ಆದರೆ ತಲೆಯೊಳಗೆ ಎಲ್ಲ ನಿಲ್ಲುತ್ತಿತ್ತು. ಅಲ್ಲಿ ಕುಳಿತೇ ನಾನು ಕಾಯಿ ಕಲಿತೆ. ಬ್ಯಾಡಗಿ ಕಾಯಿ ಉದ್ದ, ಮೈಯೆಲ್ಲ ಸುಕ್ಕು. ಗುಂಟೂರಿನದು ಗಿಡ್ಡ, ನುಣುಪು, ಥಳಥಳ. ಮೊದಲನೆಯದನ್ನು ಮುರಿದು ಮೂಸಿದರೆ ಸೀನು ಮಾತ್ರ, ಎರಡನೆಯದನ್ನು ಮೂಸಿದರೆ ಕಣ್ಣಲ್ಲಿ ನೀರು. ಇದಿಷ್ಟು ತಿಳಿಯಲು ಮೆಣಸಿನಕಾಯಿ ವ್ಯಾಪಾರಿಯಾಗಿರಬೇಕಾಗಿಲ್ಲ.

ಈಗ ದೃಷ್ಟಿಯ ವಿಷಯ. ಆಯಿ, ಅಂದರೆ ಅಪ್ಪನ ತಾಯಿ, ಅಮಾವಾಸ್ಯೆಯ ದಿನ ದೀಪ ಹಚ್ಚುವ ಹೊತ್ತಿಗೆ ನನ್ನನ್ನು ಮಣೆಯ ಮೇಲೆ ಕೂರಿಸಿ ದೃಷ್ಟಿ ತೆಗೆಯುತ್ತಿದ್ದಳು. ಒಣ ಮೆಣಸಿನಕಾಯಿ, ಉಪ್ಪು, ಸಾಸಿವೆ ಕೈಯಲ್ಲಿ ಹಿಡಿದು ನನ್ನ ತಲೆಯಿಂದ ಕಾಲಿನವರೆಗೆ ಇಳಿಸಿ, ಕಂಡವರ ಕಣ್ಣು ಕೇಡಿಗರ ಕಣ್ಣು ಎಂದು ಗೊಣಗಿ, ಕೆಂಡ ತುಂಬಿದ ಅಗ್ಗಿಷ್ಟಿಕೆಗೆ ಹಾಕುತ್ತಿದ್ದಳು. ಎಲ್ಲ ಕಡೆಯೂ ಇರುವ ಪದ್ಧತಿ ಇದು. ಘಾಟು ಎದ್ದು ಕೆಮ್ಮು ಬಂದರೆ ಮಗುವಿಗೆ ದೃಷ್ಟಿ ಇಲ್ಲ, ಘಾಟು ಬಾರದಿದ್ದರೆ ದೃಷ್ಟಿ ಗಟ್ಟಿಯಾಗಿ ಕುಳಿತಿದೆ ಎಂದು ಅರ್ಥ. ನಮ್ಮ ಮನೆಯಲ್ಲಿ ಅದಕ್ಕೆ ಬಳಸುತ್ತಿದ್ದದ್ದು ಬ್ಯಾಡಗಿ ಕಾಯಿ. ಅದರಲ್ಲೂ ಆಯಿಯ ಜಿಪುಣತನಕ್ಕೆ ತಕ್ಕಂತೆ, ಯಾರೂ ಕೊಳ್ಳದೆ ಉಳಿದ ಹೋದ ವರ್ಷದ ಹಳೇ ಕಾಯಿ, ಬೀಜವೂ ಉದುರಿ ಹೋದದ್ದು. ಅದು ಕೆಂಡದ ಮೇಲೆ ಬಿದ್ದು ಕರಕಾಗಿ ಸುಮ್ಮನಾಗುತ್ತಿತ್ತು. ಆಯಿ ಮೂಗು ಅರಳಿಸಿ ಮೂಸುತ್ತಿದ್ದಳು, ದೊಡ್ಡವ್ವ ಮೂಸುತ್ತಿದ್ದಳು, ಬೆಂಕಿಗೆ ಒಗೆದರೂ ಯಾರೂ ಕೆಮ್ಮುವುದಿಲ್ಲ ಎಂದು ಹಿಂದಿನ ದಿನವಷ್ಟೇ ಅಂಗಡಿಯಲ್ಲಿ ಆಣೆ ಮಾಡಿದ ದೊಡ್ಡಪ್ಪ ಕೂಡ ಬಗ್ಗಿ ಮೂಸಿ, ಗಂಭೀರವಾಗಿ ತಲೆಯಾಡಿಸುತ್ತಿದ್ದ.

"ಘಾಟ ಇಲ್ಲ ನೋಡವ್ವಾ. ಭಾರೀ ದೃಷ್ಟಿ ಆಗೈತಿ ಇದಕ್ಕ."

ಯಾರು ನನ್ನ ಮೇಲೆ ಹೊಟ್ಟೆಕಿಚ್ಚು ಪಟ್ಟು ದೃಷ್ಟಿ ಹಾಕುತ್ತಾರೆ ಎಂದು ಯಾರೂ ಕೇಳಲಿಲ್ಲ. ಮೂಗಿನಲ್ಲಿ ಸಿಂಬಳ, ಹಣೆಯ ಮೇಲೆ ಗಾಯ, ಹರಿದ ಅಂಗಿ. ನನ್ನಂಥ ಮಗು ತಮಗೂ ಇರಲಿ ಎಂದು ಓಣಿಯವರು ಕರುಬುತ್ತಿದ್ದರಂತೆ!

ಹೀಗೇ ನಡೆದುಕೊಂಡು ಹೋಗುತ್ತಿತ್ತೋ ಏನೋ. ಆದರೆ ಗಿರಿಜಕ್ಕನನ್ನು ನೋಡಲು ಹಾವೇರಿಯಿಂದ ಬೀಗರಾಗುವವರು ಬಂದರು. ನನ್ನನ್ನು ಅಡುಗೆಮನೆಯಲ್ಲಿ ಕೂಡಿಹಾಕಿದ್ದರು. ಉಪ್ಪಿಟ್ಟಿನ ಸ್ಟೀಲ್ ಪ್ಲೇಟುಗಳು ಒಂದಕ್ಕೊಂದು ತಾಗುವ ಸದ್ದಿಗೆ ನಾನು ಅಗಳಿ ಕಿತ್ತುಕೊಂಡು ಹೊರಗೆ ಓಡಿದೆ. ಗಂಡಿನ ಸೋದರಮಾವನಂತೆ, ಹೊಟ್ಟೆ ಮುಂದೆ ಬಿಟ್ಟುಕೊಂಡು ಕುಳಿತ ಒಬ್ಬ ಮನುಷ್ಯ, ನನ್ನನ್ನು ತಡೆದು ನಿಲ್ಲಿಸಿ, "ಏನ್ ಮುದ್ದು ಕೂಸ ಐತಿ" ಎಂದು ಗಲ್ಲ ಹಿಂಡಿದ. ಕಚ್ಚಿದೆ. ಈಗ ಸಿಕ್ಕರೂ ಕಚ್ಚುತ್ತೇನೆ. ಅವನು ಕೈ ಕೊಡವುತ್ತಾ ಕುಣಿದಾಡಿದ, ಪ್ಲೇಟುಗಳು ಉರುಳಿದವು, ನಾನು ನೆಲದ ಮೇಲೆ ಬಿದ್ದು ಹಣೆ ಜಜ್ಜಿಕೊಂಡೆ. ಬಂದವರು ಚಹಾ ಕುಡಿಯದೆ ಎದ್ದು ಹೋದರು. ಹುಡುಗಿ ಚಲೋ ಅದಾಳ, ಆದರ ಮನೆತನದಾಗ ಹುಚ್ಚ ಐತಿ ಎಂದು ವಾರದೊಳಗೆ ಹೇಳಿ ಕಳಿಸಿದರು.

ಆ ಸುದ್ದಿ ಬಂದ ದಿನ ಮಧ್ಯಾಹ್ನ ಊಟವಾದ ಮೇಲೆ ನಡುಮನೆಯಲ್ಲಿ ನನ್ನ ವಿಚಾರಣೆ ನಡೆಯಿತು. ನಾನು ಅವ್ವನ ಸೆರಗಿಗೆ ಕಟ್ಟಿಸಿಕೊಂಡು ಅಲ್ಲೇ ಕುಳಿತಿದ್ದೆ. ಮಗುವಿಗೆ ಕಿವಿ ಇವೆ ಎನ್ನುವುದು ಅವರಿಗೆ ಯಾವತ್ತೂ ಹೊಳೆದಿರಲಿಲ್ಲ. ದೊಡ್ಡಪ್ಪ ಎಲೆ ಅಡಿಕೆ ಜಗಿಯುತ್ತಾ ಅಪ್ಪನಿಗೆ ಹೇಳಿದ:

"ಮಲ್ಲೇಶಾ, ಇದನ್ನ ಮನ್ಯಾಗ ಇಟ್ಕೊಂಡ್ರ ನನ್ನ ಮಗಳ ಲಗ್ನ ಆಗಂಗಿಲ್ಲ. ನಾ ಹೋಗಿ ನೋಡ್ಕೊಂಡ ಬಂದೇನಿ. ಹೊಳಿ ಆಚೆ ಅಜ್ಜನ ಗುಡ್ಯಾಗ ಇಂಥಾವ್ರು ಭಾಳ ಮಂದಿ ಅದಾರ. ಹೊತ್ತಿಗೆ ಊಟ ಹಾಕ್ತಾರ. ಕಂಬಕ್ಕ ಕಟ್ಟಿರ್ತಾರ, ಎಲ್ಲೂ ಓಡಿ ಹೋಗೂ ಚಿಂತಿಲ್ಲ."

"ಕಂಬಕ್ಕ ಕಟ್ಟಾಕ ಆಕಿ ಏನ್ ಎಮ್ಮಿ ಏನ್ರಿ, ಬಾವಾರ?" ಎಂದಳು ಅವ್ವ.

ದೊಡ್ಡವ್ವ ಅಡಿಕೆ ಕತ್ತರಿಸುತ್ತಾ ತಲೆ ಎತ್ತದೆ ಹೇಳಿದಳು: "ಎಮ್ಮಿ ಆಗಿದ್ರ ಹಾಲರ ಕೊಡ್ತಿತ್ತು."

"ನೀವರ ಒಂದ ಮಾತ ಆಡ್ರಿ" ಎಂದು ಅವ್ವ ಅಪ್ಪನ ಕಡೆ ತಿರುಗಿದಳು. ಅಪ್ಪ ಗೋಡೆಯ ಮೇಲಿನ ಕ್ಯಾಲೆಂಡರನ್ನು ಓದುತ್ತಿದ್ದ.

"ಅಣ್ಣ ಅಂತಾನಂದ್ರ ವಿಚಾರ ಮಾಡೇ ಅಂದಿರ್ತಾನ" ಎಂದ.

ಆಗ ತೀರ್ಪು ಕೊಟ್ಟವಳು ಆಯಿ. ಅವಳಿಗೆ ನನ್ನ ಮೇಲೆ ಪ್ರೀತಿ ಇತ್ತೆಂದಲ್ಲ, ತನ್ನ ದೃಷ್ಟಿ ತೆಗೆಯುವ ಕೈಯ ಮೇಲೆ ಅಭಿಮಾನ ಇತ್ತು.

"ಬರೂ ಅಮಾಸಿಗೆ ಇನ್ನೊಮ್ಮಿ ತಗೀತೇನಿ. ಘಾಟ ಬಂತಂದ್ರ ಕೂಸು ಇಲ್ಲೇ ಇರ್ಲಿ. ಬರ್ಲಿಲ್ಲಂದ್ರ ಇದು ದೃಷ್ಟಿ ಅಲ್ಲ, ಗಾಳಿ ಹೊಕ್ಕೈತಿ. ಅದು ನನ್ನ ಕೈಲೆ ಆಗೂದಲ್ಲ. ಮರುದಿನಾನ ಒಯ್ದು ಬಿಟ್ಟು ಬರ್ರಿ."

ಎಲ್ಲರೂ ಇದು ನ್ಯಾಯವಾದ ಮಾತು ಎಂದರು. ಆ ಗುಡಿಯ ಊರಿನ ಹೆಸರನ್ನು ನಾನು ಹೇಳುವುದಿಲ್ಲ. ಹೇಳಿದರೆ ಈಗಲೂ ದಾರಿ ಕೇಳಿಕೊಂಡು ಹೋಗುವವರು ಇದ್ದಾರೆ, ಕಾರಿನಲ್ಲಿ ಹೋಗುತ್ತಾರೆ ಅಷ್ಟೇ. ಮುಂದಿನ ದಿನಗಳಲ್ಲಿ ಅವ್ವ ನನ್ನ ಅಂಗಿಗಳನ್ನು ಒಗೆದು ಮಡಚಿ ಇಡುತ್ತಿದ್ದಳು, ಮತ್ತೆ ಬಿಚ್ಚಿ ಮತ್ತೆ ಮಡಚುತ್ತಿದ್ದಳು. ದೊಡ್ಡಪ್ಪ ಗಾಡಿಗೆ ಹೇಳಿಟ್ಟ. ಕೆಂಡದ ಮೇಲೆ ಬಿದ್ದ ನಾಲ್ಕು ಮೆಣಸಿನಕಾಯಿ ಕಮರುವ ರೀತಿಯ ಮೇಲೆ ನನ್ನ ಜನ್ಮ ನಿಂತಿತ್ತು. ಆ ಮೆಣಸಿನಕಾಯಿಗೆ ಘಾಟಿಲ್ಲವೆಂದು ಇಡೀ ನಾಡಿಗೆ ಗೊತ್ತಿತ್ತು, ನಮ್ಮ ಮನೆಯವರಿಗೂ ಅಂಗಡಿಯಲ್ಲಿ ಕುಳಿತಿರುವಷ್ಟು ಹೊತ್ತು ಗೊತ್ತಿರುತ್ತಿತ್ತು. ಒಳಗೆ ಬಂದು ಕಾಲು ತೊಳೆದುಕೊಂಡರೆ ಮರೆತುಹೋಗುತ್ತಿತ್ತು. ಬೇರೆ ಯಾವ ಊರಿನಲ್ಲಿಯಾದರೂ ಹುಟ್ಟಿದ್ದರೆ ನಾನು ಮೊದಲ ಅಮಾವಾಸ್ಯೆಗೇ ಪಾರಾಗುತ್ತಿದ್ದೆ.

ಅಮಾವಾಸ್ಯೆಯ ದಿನ ಪೇಟೆಗೆ ಬಿಡುವು. ಮಧ್ಯಾಹ್ನ ನಾನು ಚೀಲಗಳ ಸಂದಿಯಲ್ಲಿ ಕುಳಿತಿದ್ದೆ. ಅವ್ವ ಪಡಸಾಲೆಗೆ ಬಂದಳು. ಬಂದವಳು ಬಾಗಿಲ ಕಡೆ ಒಮ್ಮೆ ನೋಡಿ, ಅತ್ತ ಕಡೆಯ ಗುಂಟೂರಿನ ಚೀಲದ ಹೊಲಿಗೆಯನ್ನು ಬೆರಳಿನಿಂದ ಸಡಿಲಿಸಿ, ಒಳಗೆ ಕೈ ತೂರಿಸಿ, ಒಂದು ಹಿಡಿ ಹೊರಗೆ ತೆಗೆದಳು. ಗಿಡ್ಡ, ನುಣುಪು, ಥಳಥಳ. ಮೂಗಿಗೆ ಸೆರಗು ಒತ್ತಿಕೊಂಡು ತಿರುಗಿದಾಗ ಸಂದಿಯಲ್ಲಿ ನನ್ನ ಕಣ್ಣು ಕಂಡವು. ಕಿವಿಗೆ ಬಿದ್ದದ್ದನ್ನೇ ಬಾಯಲ್ಲಿ ಇಟ್ಟುಕೊಳ್ಳಲಾರದ ಮಗು, ಕಣ್ಣಾರೆ ಕಂಡದ್ದನ್ನು ಬಿಟ್ಟೀತೆ? ಅವ್ವ ನನ್ನನ್ನು ಬೇಡಿಕೊಳ್ಳಲಿಲ್ಲ, ಹೆದರಿಸಲೂ ಇಲ್ಲ. ಕುಕ್ಕುರುಗಾಲಿನಲ್ಲಿ ಕುಳಿತು, ದೊಡ್ಡವರಿಗೆ ಹೇಳುವ ಹಾಗೆ ನನಗೆ ಹೇಳಿದಳು:

"ಕಸ್ತೂರಿ, ಇದು ಹಾಕಿದ್ರ ಘಾಟ ಬರ್ತದ. ಬಂದ್ರ ನಿನ್ನ ಕಳಸಂಗಿಲ್ಲ. ನೀ ಹೇಳಿದ್ರ ಕಳಸ್ತಾರ. ತಿಳೀತ?"

ತಿಳಿಯಿತು. ಹುಟ್ಟಿದಾಗಿನಿಂದ ಯಾರೂ ನನಗೆ ಒಂದು ವಿಷಯವನ್ನು ಹೀಗೆ ಕಾರಣ ಕೊಟ್ಟು ಹೇಳಿರಲಿಲ್ಲ. ಸುಮ್ಮನಿರು ಎನ್ನುವವರೇ ಎಲ್ಲ, ಯಾಕೆ ಎನ್ನುವವರಿಲ್ಲ. ಆ ಮಾತು ನನ್ನ ನಾಲಿಗೆಯ ತುದಿಯಲ್ಲಿ ಇಡೀ ಮಧ್ಯಾಹ್ನ ಕುದಿಯಿತು. ಹೇಳಿಬಿಡಬೇಕು ಎನಿಸಿದಾಗಲೆಲ್ಲ ತುಟಿಯನ್ನು ಹಲ್ಲಿನಿಂದ ಕಚ್ಚಿ ಹಿಡಿದೆ. ರಕ್ತ ಬಂತು. ದೊಡ್ಡವ್ವ ನೋಡಿ, "ಈಗ ತನ್ನನ್ನ ತಾನ ಕಡಕೊಳ್ಳಾಕತ್ತೈತಿ" ಎಂದಳು. ಅಂತೂ ಬಾಯಿ ಬಿಡಲಿಲ್ಲ.

ದೀಪ ಹಚ್ಚುವ ಹೊತ್ತಾಯಿತು. ಮಣೆ ಹಾಕಿದರು. ದೊಡ್ಡಪ್ಪ, ದೊಡ್ಡವ್ವ, ಗಿರಿಜಕ್ಕ, ಅಪ್ಪ ಎಲ್ಲರೂ ಸುತ್ತ ನಿಂತರು. ಬೇಗ ಮುಗಿದರೆ ಬೆಳಿಗ್ಗೆ ಗಾಡಿಗೆ ಏಳಬಹುದು ಎನ್ನುವ ಹಾಗಿತ್ತು ಅವರ ಮುಖ. ಆಯಿ ಕೈ ಚಾಚಿದಳು. ಅವ್ವ ಒಂದು ಅರಿವೆಯ ಗಂಟು ಕೊಟ್ಟಳು.

"ಇದ್ಯಾಕ ಗಂಟ ಕಟ್ಟೀದಿ?"

"ಹೋದ ಸಲ ಸಾಸಿವಿ ಎಲ್ಲಾ ಚೆಲ್ಲಿ ಹೋತಲ್ರಿ ಅತ್ತಿ. ಅದಕ್ಕ ಕಟ್ಟೇನಿ."

ಆಯಿಗೆ ಸಾಸಿವೆ ಉಳಿಯುವುದು ಮೆಚ್ಚುಗೆಯಾಯಿತು. ಗಂಟನ್ನು ಇಳಿಸಿದಳು, ಗೊಣಗಿದಳು, ಅಗ್ಗಿಷ್ಟಿಕೆಗೆ ಹಾಕಿದಳು. ಅರಿವೆ ಮೊದಲು ಹೊಗೆಯಾಡಿತು. ದೊಡ್ಡಪ್ಪ ಎಂದಿನಂತೆ ಪರೀಕ್ಷಕನ ಗತ್ತಿನಲ್ಲಿ ಬಗ್ಗಿ, ಉಸಿರು ಎಳೆದುಕೊಂಡ. ಅಷ್ಟೇ. ಗಂಟಲಿಗೆ ಕೊಕ್ಕೆ ಹಾಕಿ ಎಳೆದಂತೆ ಒಂದು ಸದ್ದು ಹೊರಡಿಸಿ ಹಿಂದಕ್ಕೆ ಬಿದ್ದ. ಆಯಿ ಎದೆ ಹಿಡಿದುಕೊಂಡಳು. ದೊಡ್ಡವ್ವ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಹಿತ್ತಲಿಗೆ ಓಡುವಾಗ ಹೊಸ್ತಿಲು ಎಡವಿದಳು. ಗಿರಿಜಕ್ಕ ಕಣ್ಣು ಉಜ್ಜಿಕೊಂಡು ಇನ್ನಷ್ಟು ಕೆಡಿಸಿಕೊಂಡಳು. ಪಕ್ಕದ ಮನೆಯವರು ಗೋಡೆಯ ಆಚೆಯಿಂದ ಕೆಮ್ಮುತ್ತಲೇ ಬೈದರು. ನಾನು ಮಣೆಯ ಮೇಲೆ ಕುಳಿತು, ಕಣ್ಣಲ್ಲಿ ಮೂಗಲ್ಲಿ ಸುರಿಸಿಕೊಂಡು, ಆ ಮನೆಯಲ್ಲಿ ಮೊದಲ ಸಲ ಜೋರಾಗಿ ನಕ್ಕೆ. ಅಪ್ಪ ಕಂಬ ಹಿಡಿದು ಕೆಮ್ಮುತ್ತಾ, ಒಂದು ಕ್ಷಣ ನಿಂತು, ಮತ್ತೊಮ್ಮೆ ಮೂಸಿದ. ದಿನಾ ಆ ಚೀಲಗಳ ಪಕ್ಕದಲ್ಲೇ ಕುಳಿತು ಲೆಕ್ಕ ಬರೆಯುವವನು. ಅವನಿಗೆ ಗೊತ್ತಾಯಿತು. ಅವ್ವನ ಕಡೆ ನೋಡಿದ. ಅವ್ವ ಅವನ ಕಡೆ ನೋಡಿದಳು. ಅವನು ಮತ್ತೆ ಕೆಮ್ಮಲು ಶುರುಮಾಡಿದ. ಜೀವಮಾನದಲ್ಲಿ ಅಪ್ಪ ಬಾಯಿ ಮುಚ್ಚಿಕೊಂಡು ಇದ್ದದ್ದು ಉಪಯೋಗಕ್ಕೆ ಬಂದದ್ದು ಅದೊಂದು ಸಲ.

"ಬಿಟ್ಟ ಹೋತು!" ಎಂದಳು ಆಯಿ, ಉಸಿರು ಸಿಕ್ಕ ಮೇಲೆ. "ಎಲ್ಲಾ ಬಿಟ್ಟ ಹೋತು. ನನ್ನ ಕೈ ಅಂದ್ರ ಏನಂತ ತಿಳಿದೀರಿ? ಹುಡುಗಿಗೆ ಈಗ ಏನೂ ಇಲ್ಲ."

ಗಾಡಿಯವನಿಗೆ ಬೇಡವೆಂದು ಹೇಳಿ ಕಳಿಸಿದರು. ಕಥೆ ಇಲ್ಲಿಗೆ ಮುಗಿದಿದ್ದರೆ ಚೆನ್ನಾಗಿತ್ತು. ಆದರೆ ನಮ್ಮ ಮನೆಯವರ ತರ್ಕ ಮುಂದೆ ಹೋಯಿತು. ಹುಡುಗಿಗೆ ಏನೂ ಇಲ್ಲ ಎಂದ ಮೇಲೆ ಅವಳು ಮಾಡುವುದೆಲ್ಲ ಏನು? ಸೊಕ್ಕು. ನಿನ್ನೆಯವರೆಗೆ ದೃಷ್ಟಿಯಾಗಿದ್ದದ್ದು ಇವತ್ತು ಸೊಕ್ಕಾಯಿತು. ದೃಷ್ಟಿಗೆ ಉಪ್ಪು ಸಾಸಿವೆ, ಸೊಕ್ಕಿಗೆ ಬೆತ್ತ. ಮುಂದಿನ ಪೇಟೆಯ ದಿನ ಸವಾಲು ಶುರುವಾಗಿ ನಾನು ಕಿರಚಿದಾಗ ದೊಡ್ಡಪ್ಪ ಬೆತ್ತ ಹಿಡಿದು ಅಡುಗೆಮನೆಯವರೆಗೆ ಬಂದ.

"ಈಗೇನ ಗಾಳಿನೂ ಇಲ್ಲ, ಧೂಳಿನೂ ಇಲ್ಲ. ಬರೀ ಸೊಕ್ಕು. ಇಳಸ್ತೇನಿ ತಡಿ."

ರೊಟ್ಟಿ ಬಡಿಯುತ್ತಿದ್ದ ಅವ್ವ ಹಿಟ್ಟಿನ ಕೈಯಲ್ಲೇ ಎದ್ದು ನಡುವೆ ಬಂದಳು. ಸೆರಗಿಗೆ ಕಟ್ಟಿಸಿಕೊಂಡಿದ್ದ ನಾನು ಅವಳ ಬೆನ್ನ ಹಿಂದೆ ಎಳೆಸಿಕೊಂಡು ಹೋದೆ. ಬೆತ್ತ ಅವಳ ಎತ್ತಿದ ಮುಂಗೈಗೆ ಬಿತ್ತು. ಹಸಿರು ಗಾಜಿನ ಬಳೆಗಳು ಒಡೆದು ನೆಲದ ತುಂಬ ಚೆಲ್ಲಿದವು. ಆಯಿ ನಡುಮನೆಯಿಂದಲೇ ಸದ್ದು ಕೇಳಿ ಬಾಯಿ ಬಡಿದುಕೊಂಡಳು:

"ಏನ್ ಮಾಡಿದ್ಯೋ ಶಂಕ್ರಪ್ಪಾ! ಮುತ್ತೈದಿ ಕೈಯಾಗಿನ ಬಳಿ ಒಡದ್ಯಲ್ಲೋ! ತಮ್ಮನ ಆಯುಷ್ಯಕ್ಕ ಏನ್ ಕೇಡ ತರಾಕ ನಿಂತೀದಿ?"

ದೊಡ್ಡಪ್ಪನ ಮುಖ ಬೂದಿಯಾಯಿತು. ಬೆತ್ತ ಅಲ್ಲೇ ಬಿಸಾಕಿ ಹೋದ. ಆಮೇಲೆ ಅವನು ನನ್ನ ಮೇಲೆ ಕೈ ಎತ್ತಲಿಲ್ಲ. ಮಗುವನ್ನು ಹೊಡೆಯಬಾರದು ಎಂದು ಅವನಿಗೆ ಹೊಳೆಯಿತೆಂದು ಯಾರೂ ತಿಳಿಯಬಾರದು. ಅವನು ಹೆದರಿದ್ದು ಬಳೆಗೆ. ಆ ಮನೆಯ ಮೂಢನಂಬಿಕೆಗಳು ನನ್ನನ್ನು ಕಂಬದವರೆಗೆ ತಳ್ಳಿಕೊಂಡು ಹೋದವು, ಕಡೆಗೆ ಅವುಗಳಲ್ಲೇ ಒಂದು ಬಂದು ಬೆತ್ತವನ್ನೂ ತಡೆಯಿತು. ಅದಕ್ಕಾಗಿ ಕೃತಜ್ಞಳಾಗಿರಬೇಕೆಂದರೆ ನನ್ನಿಂದ ಆಗುವುದಿಲ್ಲ.

ಎಲ್ಲರೂ ಹೋದ ಮೇಲೆ ಅವ್ವ ನೆಲದ ಮೇಲೆ ಕುಳಿತು ಗಾಜಿನ ಚೂರುಗಳನ್ನು ಆರಿಸುತ್ತಿದ್ದಳು. ಮುಂಗೈಯಲ್ಲಿ ರಕ್ತ, ಅದರ ಮೇಲೆ ಜೋಳದ ಹಿಟ್ಟು ಮೆತ್ತಿತ್ತು. ಹಂಚಿನ ಮೇಲಿನ ರೊಟ್ಟಿ ಹೊತ್ತುತ್ತಿತ್ತು. ಅವ್ವ ಡಬ್ಬಿಯಿಂದ ಒಂದು ಹಿಡಿ ಉಪ್ಪು ತೆಗೆದು, ನನ್ನ ತಲೆಯಿಂದ ಕಾಲಿನವರೆಗೆ ಇಳಿಸಿ, ಬಚ್ಚಲ ನೀರಿಗೆ ಹಾಕಿ ಬಂದಳು. ಆಯಿಗೆ ಮೋಸ ಮಾಡಿದ್ದಳಲ್ಲ, ಅದರಿಂದ ಖರೇನೇ ಇದ್ದ ದೃಷ್ಟಿ ನನ್ನಲ್ಲೇ ಉಳಿದುಬಿಟ್ಟರೆ ಎಂಬ ಹೆದರಿಕೆ ಅವಳಿಗೂ ಇತ್ತು. ನನ್ನ ಅವ್ವ ಕೂಡ ಆ ಮನೆಯವಳೇ. ಆಮೇಲೆ ಮತ್ತೆ ಕುಳಿತು ಚೂರು ಆರಿಸತೊಡಗಿದಳು. ನಾನು ಕೇಳಿದೆ:

"ಅವ್ವಾ, ನನಗ ಏನಾಗೈತಿ?"

ಡಾಕ್ಟರಿಗೆ ಗೊತ್ತಿತ್ತು, ಮಾಸ್ತರರಿಗೆ ಗೊತ್ತಿತ್ತು, ಓಣಿಗೆಲ್ಲ ಗೊತ್ತಿತ್ತು. ಆಯಿಗೆ ಒಂದು ಅಮಾವಾಸ್ಯೆಗೆ ಒಂದು, ಇನ್ನೊಂದಕ್ಕೆ ಇನ್ನೊಂದು ಗೊತ್ತಿತ್ತು. ಅವ್ವ ಕೈಯಲ್ಲಿದ್ದ ಚೂರುಗಳನ್ನು ಮೊರದಲ್ಲಿ ಹಾಕಿ, ನನ್ನ ಮುಖವನ್ನು ಬಹಳ ಹೊತ್ತು ನೋಡಿದಳು. ಮುಟ್ಟಲಿಲ್ಲ. ಆ ಹೊತ್ತಿನಲ್ಲಿ ಮುಟ್ಟಿದರೆ ನನಗೆ ಆಗುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು.

"ಏನೋ ಆಗೈತಿ. ಏನಂತ ನನಗ ಗೊತ್ತಿಲ್ಲವಾ. ಗೊತ್ತಾಗೂತನಕಾ ನನ್ನ ಹತ್ರಾನ ಇರು."

ನನಗೆ ಏನಾಗಿದೆ ಎಂದು ಧಾರವಾಡದ ಒಬ್ಬ ಡಾಕ್ಟರಮ್ಮ ಹೆಸರಿಟ್ಟು ಹೇಳುವ ಹೊತ್ತಿಗೆ ನನ್ನ ಕೂದಲು ಬೆಳ್ಳಗಾಗಿತ್ತು, ಅವ್ವ ಇರಲಿಲ್ಲ. ಮದುವೆಯ ಹಾಲ್‌ನಲ್ಲಿ ನಾನು ಗಿರಿಜಕ್ಕನ ಕೈಯನ್ನು ಹೆಗಲ ಮೇಲಿನಿಂದ ತೆಗೆದು, ಸೀರೆ ಎತ್ತಿ ಕಟ್ಟಿ, ಮೇಜಿನ ಕೆಳಗೆ ಹೋಗಿ ಆ ಹುಡುಗಿಯಿಂದ ಒಂದು ಮಾರು ದೂರದಲ್ಲಿ ಕುಳಿತೆ. ಮುಟ್ಟಲಿಲ್ಲ. ಅದರ ತಾಯಿ ಬಗ್ಗಿ, ಕಣ್ಣು ಒರೆಸಿಕೊಳ್ಳುತ್ತಾ, "ನಿಮ್ಮ ಅವ್ವ ಏನ್ ಮಾಡಿದ್ರು?" ಎಂದು ಕೇಳಿದಳು. ಮೇಲೆ ನನ್ನ ನೆಂಟರೆಲ್ಲ ಒಟ್ಟಿಗೆ ಉತ್ತರ ಹೇಳುತ್ತಿದ್ದರು. ನಾನು ಅವಳಿಗೂ ಕೆಳಗೆ ಕೂರಲು ಜಾಗ ಮಾಡಿಕೊಟ್ಟೆ.